ಲೋಟಕ್ಕೆ ಎರಡು ನೆರಳು

ಬಾಗಿಲು ತೆರೆದದ್ದು ಅಕ್ಕ.

"ಓಹೋ, ನನ್ನ ತಂಗಿ ಹೆಸರು ಹೊಡೆದುಹಾಕಿದ ಮಹಾನುಭಾವರು ನೀವೇನಾ? ಬನ್ನಿ, ಏನಾದ್ರೂ ಉಳಿದಿದ್ರೆ ಅದನ್ನೂ ಹೊಡೆದುಹಾಕಿ ಹೋಗಿ."

ಅವನು ಕಲಾವಿದರ ಸಂಘದ ಕಾರ್ಯದರ್ಶಿ. ಎಐ ಚಿತ್ರಗಳಿಗೆ ಪ್ರದರ್ಶನದಲ್ಲಿ ಜಾಗವಿಲ್ಲವೆಂದು ಸಂಘ ಹಟ ಹಿಡಿದಿತ್ತು. ನೋಡುಗರೂ ಅದರ ಬೆನ್ನಿಗೆ ನಿಂತಿದ್ದರು. ಹನ್ನೊಂದು ದಿನಗಳ ಹಿಂದೆ ತಂಗಿಯ ಚಿತ್ರವೂ ಯಂತ್ರದ್ದೇ ಎಂದು ಸಾರಿ, ಪಟ್ಟಿಯಿಂದ ಅವಳ ಹೆಸರನ್ನು ತೆಗೆಸಿದವನು ಇವನೇ. ಕಾರಣ, ಚಿತ್ರದ ಮೇಜಿನ ಮೇಲಿದ್ದ ಒಂದೇ ಲೋಟಕ್ಕೆ ಎರಡು ನೆರಳು, ಯಂತ್ರ ಮಾಡುವಂಥ ತಪ್ಪು.

ಅವಳು ಮರುಪರಿಶೀಲನೆ ಕೇಳಿದ್ದಳು. ಅದಕ್ಕೇ ಬಂದಿದ್ದ.

ಅವನನ್ನು ಕಂಡಾಗ ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಹಲ್ಲು ಕೀಳುವ ಮುನ್ನ ಮರಗಟ್ಟಿಸಿದ ದವಡೆಯ ಹಾಗೆ, ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿತ್ತು, ಅಷ್ಟೆ. ಆ ದಿನದಿಂದ ಅವಳು ಪೆನ್ಸಿಲ್ ಹಿಡಿದಿರಲಿಲ್ಲ.

"ಎಲ್ಲಿ ಕೂತು ಬರೆದ್ರಿ?" ಅವನು ಕೇಳಿದ.

ಮೇಜು ತೋರಿಸಿ, ಅದರ ಮೇಲೊಂದು ಲೋಟ ಇಟ್ಟಳು. "ಮೂರೂವರೆ ಆಗ್ಲಿ."

ಕಾದರು. ಎಡಗಿಟಕಿಯಿಂದ ಬಿಸಿಲು ಬಂತು. ಬಲಗಡೆಯ ಕಟ್ಟಡದ ಗಾಜಿನ ಗೋಡೆಗೆ ತಾಗಿ ಪುಟಿದ ಬಿಸಿಲು ಬಲಗಿಟಕಿಯಿಂದ ಬಂತು. ಲೋಟದ ಬಲಕ್ಕೊಂದು ಗಾಢ ನೆರಳು, ಎಡಕ್ಕೊಂದು ತೆಳು ನೆರಳು.

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ."

"ಅಷ್ಟೇನಾ?" ಅಕ್ಕ ಒಳಗಿನಿಂದ ಕೇಳಿದಳು.

"ನಿಮ್ಮ ಚಿತ್ರನ ಒಂದು ಗಂಟೆ ನೋಡಿದ್ದೆ ರೀ," ಎಂದ ಮೆಲ್ಲಗೆ. "ಕಣ್ಣು ಕೀಳೋಕಾಗ್ಲಿಲ್ಲ. ಇಷ್ಟು ಚೆನ್ನಾಗಿ ಬರೆಯೋರು ಇದೇ ಊರಲ್ಲಿದ್ದೂ ನಂಗೆ ಗೊತ್ತಿಲ್ವಾ ಅನ್ನಿಸ್ತು. ಆಮೇಲೆ ತಪ್ಪು ಹುಡುಕೋಕೆ ಶುರು ಮಾಡ್ದೆ."

"ಸಿಕ್ತಲ್ಲ."

"ಸಿಕ್ತು. ನಂದೇ."

ಫೋನ್ ತೆಗೆದು ಸಂಘದ ಎಲ್ಲರಿಗೂ ಬರೆದ: ಚಿತ್ರ ಇವರ ಕೈಯದು, ತಪ್ಪು ನನ್ನದು.

"ಇದನ್ನ ಕಳಿಸಿದ್ರೆ ಇನ್ಮೇಲೆ ನಿಮ್ಮ ಮಾತು ಯಾರು ನಂಬ್ತಾರೆ?" ಅವಳು ಕೇಳಿದಳು.

"ನಂಬದೇ ಇರ್ಲಿ. ಎದ್ದು ಬಂದು ಕಣ್ಣಾರೆ ನೋಡ್ತಾರೆ, ಅಷ್ಟಾದ್ರೂ ಆಗ್ಲಿ."

"ಒಬ್ರು ನಂಬಿದ್ರೆ ಸಾಲದಾ?" ಮತ್ತೆ ಅಕ್ಕನ ದನಿ.

ಅವನು ಕಳಿಸಿಯೇಬಿಟ್ಟ. ಅವಳ ಹೆಸರು ಪಟ್ಟಿಗೆ ಮರಳಿ ಬಂತು. ಸಂತೋಷ ಮಾತ್ರ ಬರಲಿಲ್ಲ.

ಅವನು ಹೊರಡಲೆಂದು ತಿರುಗಿದ. ಸಂಕೋಚಕ್ಕೆ ಕೆಂಪೇರಿದ ಕಿವಿಯ ಅಂಚಿನಲ್ಲಿ ಬಿಸಿಲು ಹಾದು, ಕೂದಲೆಳೆಯಷ್ಟು ಸಣ್ಣ ರಕ್ತನಾಳವೊಂದು ಕಂಡಿತು. ಆ ಕೆಂಪನ್ನು ಕಾಗದಕ್ಕೆ ತರುವುದು ಹೇಗೆ? ಅವಳ ಕೈ ತಾನಾಗಿಯೇ ಕೆಂಪು ಪೆನ್ಸಿಲ್ ಹುಡುಕುತ್ತಿತ್ತು.

"ಅಲ್ಲಾಡ್ಬೇಡಿ."

"ಎಷ್ಟು ಹೊತ್ತು?"

"ಗೊತ್ತಿಲ್ಲ. ನನ್ನ ಕೈ ನಿಧಾನ."

"ನಂಗೇನೂ ಅವಸರ ಇಲ್ಲ."

ಕಿವಿ ಇನ್ನಷ್ಟು ಕೆಂಪಾಯಿತು.

"ಬಣ್ಣನೂ ಬದಲಾಯಿಸ್ಬೇಡಿ," ಎಂದಳು.