ಕೆಡದ ಲ್ಯಾಪ್‌ಟಾಪು

ಸೋಮವಾರ ಲ್ಯಾಪ್‌ಟಾಪ್ ಕೆಡಲಿಲ್ಲ. ಮಂಗಳವಾರವೂ ಕೆಡಲಿಲ್ಲ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಮಾಧುರಿಗೆ ಅದರ ಮೇಲೆ ಸಿಟ್ಟೇ ಬಂತು.

ಬಾರಾಮತಿಯ ಕಬ್ಬಿನ ಹೊಲಗಳ ಡ್ರೋನ್ ಚಿತ್ರಗಳು ಒಂದರ ಹಿಂದೊಂದು ತಕರಾರಿಲ್ಲದೆ ತೆರೆದುಕೊಳ್ಳುತ್ತಿದ್ದವು. ಎಲ್ಲಿ ನೀರು ಕಡಿಮೆ, ಎಲ್ಲಿ ರೋಗ ಬಿದ್ದಿದೆ, ಎಲ್ಲವನ್ನೂ ಬಣ್ಣ ಹಚ್ಚಿ ತೋರಿಸುತ್ತಿತ್ತು ಆ ಹಾಳು ಯಂತ್ರ. ಅವಳು ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಕೆಟ್ಟರೆ ತಾನೇ ದೇವಾನಂದನಿಗೆ ಫೋನ್ ಮಾಡಲು ಒಂದು ನೆಪ!

ಅವರ ಪರಿಚಯವಾದದ್ದೇ ಅದು ಕೆಟ್ಟಾಗ. ಪುಣೆಯ ಬಾಣೇರಿನ ಈ ಆಫೀಸಿಗೆ ಅವಳು ಹೊಸಬಳು. ಬೇಕಾದ ಸಾಫ್ಟ್‌ವೇರನ್ನು, ಅದನ್ನು ತಂದು ಜೋಡಿಸಿಕೊಡುವ ಸಿಕ್ಕಸಿಕ್ಕ ಪ್ಯಾಕೇಜ್ ಮ್ಯಾನೇಜರಿನಿಂದ ಇಳಿಸಿಕೊಂಡಿದ್ದಳು. ಒಂದಿಷ್ಟು ಆಪ್ಟ್‌ನಿಂದ, ಒಂದಿಷ್ಟು ಕಾಂಡಾದಿಂದ, ಆತುರ ಹೆಚ್ಚಾದಾಗ ಪಿಪ್‌ನಿಂದ. ಮೂರೂ ತಂದಿಟ್ಟದ್ದು ಒಂದರ ಮೇಲೊಂದು ಬಿದ್ದು, ಕೊನೆಗೆ ಒಂದೂ ತೆರೆಯದಾಯಿತು. "ಸುಡುಗಾಡು ಕಂಪ್ಯೂಟರ್!" ಎಂದು ಕನ್ನಡದಲ್ಲೇ ಬೈದಳು. ಸುತ್ತಮುತ್ತ ಬರೀ ಮರಾಠಿ, ಇಂಗ್ಲಿಷ್. ಯಾರಿಗೆ ತಿಳಿಯಬೇಕು ಎಂಬ ಧೈರ್ಯ.

"ಅದಕ್ಯಾಕ ಬೈತೀರಿ? ಅದರ ತಪ್ಪೇನಿಲ್ರಿ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್ ದೇವಾನಂದ. ಅವನನ್ನು ಮರಾಠಿಯವನೆಂದೇ ತಿಳಿದಿದ್ದಳು. ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡಳು.

"ನೀವು ಕನ್ನಡದವ್ರೇನ್ರಿ?"

"ಅಪ್ಪ-ಅವ್ವ ಯಾದಗಿರಿ ಕಡ್ಯಾವ್ರು. ನಾ ಹುಟ್ಟಿದ್ದು ಪಿಂಪ್ರಿಯಾಗ." ಕುರ್ಚಿ ಎಳೆದುಕೊಂಡು ಕೂತು ಪರದೆ ನೋಡಿದ. ತುಟಿಯಂಚಿನಲ್ಲಿ ಸಣ್ಣ ನಗು. "ಒಂದ ಸಾರಿಗೆ ಮೂರು ಮಂದಿ ಉಪ್ಪ ಹಾಕ್ಯಾರಲ್ರಿ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಉಣ್ಣೋದು ಹ್ಯಾಂಗ?"

"ಹಂಗಾರ ಚೆಲ್ಲಿಬಿಡೋದೇನು?"

"ಚೆಲ್ಲೋದ್ಯಾಕ? ನಾ ಅದೀನಲ್ಲ."

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ವಾರಕ್ಕೊಮ್ಮೆಯಾದರೂ ಏನಾದರೊಂದು ಕೆಡುತ್ತಿತ್ತು, ಅವನು ಬರುತ್ತಿದ್ದ. ಟೈಪ್ ಮಾಡುತ್ತಲೇ ಓರೆಗಣ್ಣಿನಿಂದ ಅವಳನ್ನು ನೋಡುವನು. ಅವಳು ನೋಡಿದಳೋ, ಅವನ ಕಣ್ಣು ಪರದೆಗೆ ಓಡುತ್ತಿತ್ತು. ಕಿವಿ ಮಾತ್ರ ಕೆಂಪಗಾಗಿಬಿಡುತ್ತಿತ್ತು. ಇಷ್ಟೆಲ್ಲ ಬುದ್ಧಿವಂತನಿಗೆ ಅದೊಂದನ್ನು ಮುಚ್ಚಿಡಲು ಬರುತ್ತಿರಲಿಲ್ಲ.

ಇಷ್ಟರಲ್ಲಿ ಅವನನ್ನು ಕಂಪನಿಯ ಚಿಂಚವಾಡದ ಆಫೀಸಿಗೆ ಹಾಕಿದರು. ಹೋಗುವ ದಿನ ಮಧ್ಯಾಹ್ನವೆಲ್ಲ ಕೂತು ಅವಳ ಲ್ಯಾಪ್‌ಟಾಪನ್ನು ಹಸನು ಮಾಡಿದ. ಯಂತ್ರ ನಡೆಯಲು ಬೇಕಾದುದೆಲ್ಲ ಆಪ್ಟ್‌ನ ಕೈಗೆ. ಡ್ರೋನ್ ಕೆಲಸಕ್ಕೆ ಕಾಂಡಾದಲ್ಲಿ ಬೇರೆಯೇ ಒಂದು ಜಾಗ. ಪಿಪ್ ಏನೇ ತಂದರೂ ಆ ಜಾಗದೊಳಗೇ ಇಡಬೇಕು.

"ಇನ್ನ ಮೂರೂ ಕೂಡಿ ಬಾಳ್ವಿ ಮಾಡ್ತಾವ. ಆ ಜಾಗದ ಹೊರಗ ಮಾತ್ರ ಪಿಪ್ ನಡಸಬ್ಯಾಡ್ರಿ, ಮತ್ತ ಎಲ್ಲಾ ಕೆಡ್ತದ," ಎಂದು ಎದ್ದ. "ನನಗ ಫೋನ್ ಮಾಡೋ ತ್ರಾಸು ತಪ್ತು ನಿಮಗ."

ತ್ರಾಸಂತೆ! ತನ್ನ ಕಾಟ ಸಾಕಾಗಿಯೇ ಇಷ್ಟು ಗಟ್ಟಿಯಾಗಿ ಸರಿಮಾಡಿದ್ದಾನೆ ಎಂದುಕೊಂಡಳು ಮಾಧುರಿ. ಬಾಯಿಂದ ಬಂದದ್ದು "ಥ್ಯಾಂಕ್ಸ್ ರೀ" ಎಂಬುದಷ್ಟೇ. ಅವನು ಒಂದು ಗಳಿಗೆ ನಿಂತು, ಚೀಲ ಹೆಗಲಿಗೇರಿಸಿ ಹೋದ.

ಅಂದಿನಿಂದ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. "ರೊಟ್ಟಿ ಮುರೀತಿ, ಉಣ್ಣಂಗಿಲ್ಲ. ಯಾರ ಧ್ಯಾನದಾಗ ಅದಿ ಯವ್ವಾ?" ಎಂದು ಅವ್ವ ರುದ್ರವ್ವ ಕೇಳಿದರೆ, "ಆಫೀಸಿನ ಕೆಲಸ ಭಾಳ ಅದ," ಎಂದು ಎದ್ದುಬಿಡುತ್ತಿದ್ದಳು. ಫೋನಿನಲ್ಲಿ ಅವನ ಹೆಸರು ತೆಗೆಯುವಳು, ಮುಚ್ಚುವಳು. ಏನೆಂದು ಮಾಡಲಿ? ಎಲ್ಲ ಸರಿಯಿದೆಯಲ್ಲ!

ಈ ಬುಧವಾರ ಅವಳ ತಾಳ್ಮೆ ಮುಗಿಯಿತು. ಅವನು ಬೇಡವೆಂದಿದ್ದ ಆ ಪಿಪ್ ಆಜ್ಞೆಯನ್ನೇ, ಬೇಡವೆಂದಿದ್ದ ಜಾಗದಲ್ಲೇ ಟೈಪ್ ಮಾಡಿದಳು. ಎಂಟರ್ ಒತ್ತುವುದೊಂದೇ ಬಾಕಿ. ಒತ್ತಿದರೆ ಅವನು ಬರುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬರುವುದು ಲ್ಯಾಪ್‌ಟಾಪಿಗಾಗಿ. ಸರಿಮಾಡಿ, ಎದ್ದು, ಮತ್ತೆ ಹೋಗುತ್ತಾನೆ. ಅವಳಿಗೆ ಬೇಕಾಗಿದ್ದುದು ಅದಲ್ಲ.

ಬರೆದದ್ದನ್ನೆಲ್ಲ ಅಳಿಸಿದಳು. ಫೋನ್ ಹಿಡಿದು ಆಫೀಸಿನ ಕೆಳಗಿನ ಚಹಾದಂಗಡಿಗೆ ಇಳಿದು, ಚಹಾ ಹೇಳುವುದನ್ನೂ ಮರೆತು, ಅವನ ನಂಬರು ಒತ್ತಿದಳು.

ಒಂದೇ ರಿಂಗಿಗೆ ಎತ್ತಿದ. "ಮಾಧುರಿಯವ್ರ, ಏನ್ ಕೆಟ್ಟದ್ರಿ?"

"ಏನೂ ಕೆಟ್ಟಿಲ್ಲ."

"ಕಾಂಡಾ ತೆರೀಲಿಕತ್ತದ?"

"ತೆರೀಲಿಕತ್ತದ."

"ಅಪ್‌ಡೇಟ್?"

"ಅದೂ ಆತು."

"ಮತ್ತ?"

ಅವಳು ಕಣ್ಣು ಮುಚ್ಚಿಕೊಂಡಳು. "ಮತ್ತೇನಿಲ್ರಿ. ನಿಮ್ಮ ದನಿ ಕೇಳಬೇಕನಿಸ್ತು. ಅದಕ್ಕ ಮಾಡೀನಿ."

ಆ ಕಡೆ ಕುರ್ಚಿ ದಡಕ್ಕೆಂದಿತು. ಫೋನ್ ಕಟ್ಟಾಯಿತೇನೋ ಎಂದು ನೋಡಿಕೊಂಡಳು. "ದೇವಾನಂದ? ಅದೀರೇನು?"

"ಅದೀನ್ರಿ. ನಿಂತಿದ್ದೆ, ಈಗ ಕುಂತೆ." "ಅವತ್ತು ಅಷ್ಟು ಹಸನು ಮಾಡಿ ಇಟ್ಟದ್ದು ಯಾಕಂತ ಗೊತ್ತದೇನು?"

"ಗೊತ್ತದ. ನನ್ನ ಕಾಟ ತಪ್ಪಲಿ ಅಂತ."

"ಅಲ್ರಿ! ನೀವು ನನ್ನ ಕರಿಯೋದು ಲ್ಯಾಪ್‌ಟಾಪ್ ಸಲುವಾಗೋ, ನನ್ನ ಸಲುವಾಗೋ ತಿಳೀವಲ್ದಾಗಿತ್ತು. ಏನೂ ಕೆಡದಂಗ ಮಾಡಿಟ್ರ, ಆಮ್ಯಾಲೂ ಫೋನ್ ಬರ್ತದೇನು ನೋಡೂಣಂತ... ಇಲ್ಲಿಗೆ ಬಂದಾಗಿಂದ ಫೋನ್ ಕೆಳಗಿಟ್ಟಿಲ್ರಿ ನಾನು."

ಅವಳಿಗೆ ಅಳುವೂ ಬಂತು, ನಗುವೂ ಬಂತು, ಸಿಟ್ಟಂತೂ ಬಂದೇ ಬಂತು. "ಹುಚ್ಚಪ್ಪ! ಬಾಯಿಬಿಟ್ಟು ಕೇಳಿದ್ರ ಏನಾಗ್ತಿತ್ತು?"

"ಈಗ ಕೇಳ್ಲಿ?"

"ಫೋನ್ನಾಗ ಬ್ಯಾಡ. ಚಿಂಚವಾಡ ಸ್ಟೇಶನ್ನಿಗೆ ಬರ್ರಿ. ಸಂಜೀಕ ಶಿವಾಜಿನಗರದಾಗ ಲೋಕಲ್ ಹತ್ತಿ ಬರ್ತೀನಿ, ಎದುರಿಗೆ ನಿಂತು ಕೇಳ್ರಿ."

"ಆತ್ರಿ." ಅವನ ಕಿವಿ ಈಗ ಕೆಂಪಾಗಿರಬೇಕು ಎಂದು ಇಲ್ಲಿಂದಲೇ ಅವಳಿಗೆ ಗೊತ್ತಾಯಿತು. ಆಮೇಲೆ ಮೆಲ್ಲಗೆ ಕೇಳಿದ: "ಲ್ಯಾಪ್‌ಟಾಪ್ ತರ್ತೀರೇನು?"

"ತರಂಗಿಲ್ಲ," ಎಂದಳು ಮಾಧುರಿ. "ನಾನೊಬ್ಬಾಕೀನ ಬರ್ತೀನಿ."