ಕೆಂಪಾಗದ ಚುಕ್ಕೆ

ಕೀಂ—

ರಾತ್ರಿ ಹನ್ನೊಂದೂವರೆಗೆ ಕೈಯಲ್ಲಿದ್ದ ಮಲ್ಟಿಮೀಟರ್ ಸಣ್ಣಗೆ ಕೂಗಿತು. ಸತ್ತ ಮೊಬೈಲಿನ ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಆಗಿದೆ. ಎಲ್ಲಿ? ರಿಪೇರಿ ಅಂಗಡಿಯಾಕೆಯ ಮಗಳು ಉರಿಯುವ ಕಣ್ಣನ್ನು ಮತ್ತೆ ಭೂತಗನ್ನಡಿಗೆ ಒತ್ತಿದಳು. ಸಾಸಿವೆಯ ಅರ್ಧದಷ್ಟೂ ಇಲ್ಲದ ಮೂರನೆಯ ಕೆಪಾಸಿಟರನ್ನು ಬಿಸಿಗಾಳಿ ಬಿಟ್ಟು ಎತ್ತಿದಳು. ಮೀಟರ್ ಬಾಯಿ ಮುಚ್ಚಿತು. ಕೆಟ್ಟದ್ದು ಇದೇ—ಅಡ್ಡಕ್ಕೆ ಬಿರುಕು.

ಬಿರುಕು ಬಿಡಿಸಿದ್ದು ಯಾರು?

ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮೊಬೈಲಿನ ಒಡತಿ ಹಾಜರು, ಜೊತೆಗೆ ಅವರ ಸೊಸೆ. ಸೊಸೆಯ ಕಣ್ಣು ಅತ್ತು ಊದಿತ್ತು.

"ನೀರಿಗೆ ಬಿದ್ದಿದೆ ಅಂತ ನೀನೇ ಹೇಳಮ್ಮ. ಬಟ್ಟೆ ಒಗೆಯುವಾಗ ಇವಳ ಹತ್ರಾನೇ ಇತ್ತು. ಮಹಾರಾಣಿ ಒಪ್ತಿಲ್ಲ."

"ಬೀಳಿಸಿಲ್ಲ ಅತ್ತೆ. ಎಷ್ಟು ಸಲ ಹೇಳ್ಲಿ?"

"ನೀರಲ್ಲ," ಮಗಳು ಬೋರ್ಡಿನ ಮೇಲಿನ ಚುಕ್ಕೆ ತೋರಿಸಿದಳು. "ಒದ್ದೆಯಾದ್ರೆ ಇದು ಕೆಂಪಾಗುತ್ತೆ. ಬೆಳ್ಳಗಿದೆ ನೋಡಿ."

"ಹಾಗಾದ್ರೆ ನೆಲಕ್ಕೆ ಕುಕ್ಕಿದ್ದಾಳೆ!"

"ಒಂದು ಗೀರೂ ಇಲ್ವಲ್ಲ? ... ಇದನ್ನ ಯಾರಾದ್ರೂ ಬಿಚ್ಚಿದ್ರಾ?"

"ಇನ್ಯಾರು ಬಿಚ್ತಾರೆ? ಹೋದ ವಾರ ನಿಮ್ಮಮ್ಮ ಬ್ಯಾಟರಿ ಹಾಕಿಕೊಟ್ರಲ್ಲ, ಅಷ್ಟೇ."

ಮಗಳ ಕೈ ನಿಂತಿತು. ಬಿಚ್ಚಿದ ಸ್ಕ್ರೂಗಳನ್ನು ಇದ್ದ ಜಾಗದ ಪ್ರಕಾರ ಕಾಗದಕ್ಕೆ ಅಂಟಿಸಿಡುವುದು ಅವಳ ಅಭ್ಯಾಸ. ರಾತ್ರಿ ಆಯಾಸದಲ್ಲಿ ಅವನ್ನು ಗಮನಿಸಿರಲಿಲ್ಲ. ಈಗ ಒಂದೊಂದನ್ನೇ ನಿಲ್ಲಿಸಿ ನೋಡಿದಳು. ಕೆಪಾಸಿಟರ್ ಪಕ್ಕದ್ದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದ.

ಅಮ್ಮನಿಗೆ ಕಾಗದ ಬೇಕಿರಲಿಲ್ಲ. ಎಲ್ಲವನ್ನೂ ಒಂದೇ ಬಟ್ಟಲಿಗೆ ಸುರಿದುಕೊಂಡು, ಬೆರಳ ತುದಿಯಿಂದಲೇ ಯಾವುದು ಎಲ್ಲಿಯದೆಂದು ಹೇಳುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಕೈ. ಸಕ್ಕರೆ ಕಾಯಿಲೆಗೆ ಆ ಬೆರಳುಗಳು ಈಚೆಗೆ ಜೋಮು ಹಿಡಿದಿದ್ದವು.

"ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹೋಗಿದೆ," ಎಂದಳು ಮಗಳು. "ಅದು ಬೋರ್ಡನ್ನ ಒತ್ತಿದೆ. ನಾಲ್ಕು ದಿನ ತಡ್ಕೊಂಡು ಪಕ್ಕದ ಕೆಪಾಸಿಟರ್ ಸೀಳಿಹೋಯ್ತು. ನಿಮ್ಮ ಸೊಸೆದು ಏನೂ ತಪ್ಪಿಲ್ಲ."

"ಮತ್ತೆ ಯಾರದ್ದು?"

ಒಳಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಮಗಳು ದನಿ ತಗ್ಗಿಸಿದಳು.

"ನಂದು. ಬ್ಯಾಟರಿ ಹಾಕಿದ್ದು ಅಮ್ಮ. ಸ್ಕ್ರೂ ಬಿಗಿದು ಮುಚ್ಚಿದ್ದು ನಾನು."

"ಕಾಲೇಜು ಓದಿ ಇಷ್ಟೇನಾ? ನಿಮ್ಮಮ್ಮನ ಕೈ ನೋಡಿ ಕಲಿಬಾರ್ದಾ?" ಅತ್ತೆ ಸೊಸೆಯತ್ತ ತಿರುಗದೆ ಗೊಣಗಿದರು, "ನೀನೂ ಅಷ್ಟೇ. ಗಟ್ಟಿಯಾಗಿ ಹೇಳೋದಲ್ವಾ?"

"ಇನ್ನೆಷ್ಟು ಗಟ್ಟಿಯಾಗಿ ಅತ್ತೆ? ಪಕ್ಕದ ಮನೆಯವ್ರು ಬಂದು ವಿಚಾರಿಸಿದ್ರು!"

ಹೊಸ ಕೆಪಾಸಿಟರ್ ಹಾಕಿದ ಮೊಬೈಲು ಬೆಳಗಿತು. ಇಬ್ಬರೂ ಹೊರಟರು.

"ಏನಾಗಿತ್ತೇ ಅದಕ್ಕೆ?" ಅಮ್ಮ ಒಳಗಿನಿಂದ ಕೇಳಿದಳು.

"ಕೆಪಾಸಿಟರ್ ಹೋಗಿತ್ತಮ್ಮ."

ಇಷ್ಟು ಸಾಕು. ಉಳಿದದ್ದು ಯಾರಿಗೂ ಬೇಡ. ಅಮ್ಮನಿಗಂತೂ ಬೇಡವೇ ಬೇಡ. ಇನ್ನು ಮೇಲೆ ಅಮ್ಮ ಬಿಚ್ಚಲಿ. ಮುಚ್ಚುವುದು ತಾನು.