ಎರಡು ಅಂಕಣದ ಪದಕೋಶ

ಬಲೆ ಎಳೆಯುವ ಯಂತ್ರಕ್ಕೆ ಮೀನುಗಾರ ಮೊಗೆನ್ಸ್‌ನ ಬಲಗೈ ಸಿಕ್ಕಿಕೊಂಡಿತು. ಎಸ್ಬರ್ಗ್ ಬಂದರಿನವರು ಓಡಿ ಬಂದು ನಿಲ್ಲಿಸುವಷ್ಟರಲ್ಲಿ ಬೆರಳುಗಳು ಹೋಗಿದ್ದವು. ಪಕ್ಕದಲ್ಲೇ ಯಂತ್ರದ ಹೊಸ ಕೈಪಿಡಿ ಬಿದ್ದಿತ್ತು. 'ಬಲೆ ಬಿಡಿಸುವ ಮುನ್ನ ಯಂತ್ರ ತಿರುಗದಂತೆ ತಡೆಗೂಟ ಹಾಕಿ' ಎಂದು ಹಳೆಯ ಕೈಪಿಡಿಯಲ್ಲಿದ್ದ ಎಚ್ಚರಿಕೆ ಇದರಲ್ಲಿ ಮಾಯವಾಗಿತ್ತು.

ಇನ್ಸ್‌ಪೆಕ್ಟರ್ ವಿಬೆಕೆ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೇರವಾಗಿ ಯಂತ್ರ ಕಂಪನಿಗೆ ಹೋದಳು.

*

ಅಲ್ಲಿ ಕೈಪಿಡಿಯ ಪುಟ ಜೋಡಿಸುವ ಇಂಗರ್ ಕೇಳುವ ಮೊದಲೇ ತಪ್ಪೊಪ್ಪಿಕೊಂಡಳು.

"ನನ್ನಿಂದಲೇ ಆಗಿರೋದು. ಕೊನೇಲಿರೋ ಪದಕೋಶ, ಯಾವ ಪದ ಯಾವ ಪುಟದಲ್ಲಿದೆ ಅನ್ನೋ ಪಟ್ಟಿ, ತುಂಬಾ ಪುಟ ತಿನ್ತಿತ್ತು. ಎರಡು ಅಂಕಣ ಮಾಡ್ದೆ, ಪುಟಸಂಖ್ಯೆ ದಪ್ಪಕ್ಷರದಲ್ಲಿ ಬರೋ ಹಾಗೆ ಮಾಡ್ದೆ. ಆ ಅವಸರದಲ್ಲಿ ಎಚ್ಚರಿಕೆಯ ಸಾಲು ಬಿಟ್ಟುಹೋಗಿರ್ಬೇಕು."

"ಅಳಿಸಿದ್ದು ನೆನಪಿದೆಯಾ?"

"ಇಲ್ಲ. ಆದ್ರೆ ಪ್ರೆಬೆನ್ ಕೈಪಿಡಿ ಬರೆದು ಕೊಟ್ಟ ಮೇಲೆ ಅದನ್ನ ಮುಟ್ಟಿದ್ದು ನಾನೊಬ್ಬಳೇ." ಅವಳು ಕಣ್ಣೊರೆಸಿಕೊಂಡಳು. "ಮೊಗೆನ್ಸ್ ನನ್ನ ತಮ್ಮ. ಆಸ್ಪತ್ರೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ವಿಬೆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಫಿ ತಣ್ಣಗಾಯಿತು. ಕಿಟಕಿಯ ತನಕ ಹೋದಳು, ಬಂದಳು, ಮತ್ತೆ ಹೋದಳು. ಇಷ್ಟು ಸಲೀಸಾಗಿ ಸಿಗುವ ತಪ್ಪೊಪ್ಪಿಗೆ ಎಂದರೆ ಅವಳಿಗೆ ಆಗಿಬರುವುದಿಲ್ಲ.

*

ಕೈಪಿಡಿ ಬರೆದ ಎಂಜಿನಿಯರ್ ಪ್ರೆಬೆನ್ ತಾನಾಗಿಯೇ ಒಂದು ಪ್ರತಿ ಹಿಡಿದು ಅವರಿಬ್ಬರಿದ್ದ ಕೋಣೆಗೆ ಬಂದ.

"ಪಾಪ, ಅವಳನ್ನ ಬೈಬೇಡಿ ವಿಬೆಕೆ. ಇದು ಅವಳ ಕೈಗೆ ಕೊಡೋ ಮುಂಚೆ ನಾನು ಮುದ್ರಿಸಿಟ್ಟಿದ್ದು. ನೋಡಿ, ಎಚ್ಚರಿಕೆ ಇದೆ. ಅಂದ ಮಾಡೋಕೆ ಹೋಗಿ ಸಾಲನ್ನೇ ನುಂಗಿಹಾಕಿದಾಳೆ."

"ಅವಳು ಮಾಡಿರೋ ಹೊಸ ಪದಕೋಶ ಹೇಗಿದೆ?"

"ನಾನು ನೋಡೇ ಇಲ್ಲ. ಅದನ್ನೆಲ್ಲ ಯಾರು ಓದ್ತಾರೆ?"

"ನಾನು ಓದ್ತೀನಿ."

ವಿಬೆಕೆ ಅವನ ಪ್ರತಿಯ ಕೊನೆಯ ಹಾಳೆಗಳನ್ನು ತಿರುವಿದಳು. ಎರಡು ಅಂಕಣ. ದಪ್ಪ ಪುಟಸಂಖ್ಯೆ.

"ಇಂಗರ್, ಈ ವಿನ್ಯಾಸ ಎಲ್ಲಿರುತ್ತೆ?"

"ಎಲ್ಲರೂ ಬಳಸೋ ಒಂದೇ ಕಡತದಲ್ಲಿ. ಅದನ್ನ ಬದಲಾಯಿಸಿದ್ಮೇಲೆ ಯಾರು ಏನು ಮುದ್ರಿಸಿದ್ರೂ ಪದಕೋಶ ಹೀಗೇ ಬರುತ್ತೆ."

"ಹಾಗಾದ್ರೆ ಪ್ರೆಬೆನ್, ಅವಳು ಮಾಡೋ ಮುಂಚೆ ಮುದ್ರಿಸಿದ ಪ್ರತೀಲಿ ಅವಳ ವಿನ್ಯಾಸ ಹೇಗೆ ಬಂತು?"

ಪ್ರೆಬೆನ್ ಹಾಳೆಯನ್ನೇ ನೋಡುತ್ತ ನಿಂತ.

"ನಾನೇ ಹೇಳ್ತೀನಿ. ಮೊಗೆನ್ಸ್ ಸುದ್ದಿ ಕೇಳಿದ್ಮೇಲೆ ಆ ಸಾಲು ಸೇರಿಸಿ ಮುದ್ರಿಸಿದ್ರಿ. ಎಚ್ಚರಿಕೆ ಇರೋ ಪುಟ ಮಾತ್ರ ನೋಡಿದ್ರಿ, ಕೊನೆ ತನಕ ತಿರುವಲಿಲ್ಲ. ಮೊದಲೇ ಬರೆದಿದ್ರೆ ಹೊಸದಾಗಿ ಸಾಕ್ಷಿ ಹುಟ್ಟಿಸೋ ಕರ್ಮ ಯಾಕಿತ್ತು?"

ಪ್ರೆಬೆನ್ ಕುರ್ಚಿ ಎಳೆದು ಕೂತ. "ಪ್ರತಿ ಸಲ ಗೂಟ ಹಾಕಿ ತೆಗೆಯೋ ಯಂತ್ರ ಬೇಡ ಅಂತ ಗಿರಾಕಿಗಳು ಗೊಣಗ್ತಿದ್ರು. ಬಿಟ್ಟುಬಿಟ್ಟೆ. ಒಂದು ಸಾಲು ತಾನೇ ಅಂದ್ಕೊಂಡೆ."

"ನಾನು ಅಳ್ತಾ ಕೂತಿದ್ದಾಗ," ಇಂಗರ್ ಕೇಳಿದಳು, "ನೀನು ಪಕ್ಕದ ಕೋಣೇಲಿ ಇದನ್ನ ಟೈಪ್ ಮಾಡ್ತಿದ್ದೆಯಾ?"

ಅವಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಆದರೂ ಉತ್ತರಕ್ಕೆ ಕಾಯದೆ ಕೋಟು ತೊಟ್ಟಳು.

"ಹೇಳಿಕೆ ಬರೆಸ್ಕೋಬೇಕಿತ್ತು," ಎಂದಳು ವಿಬೆಕೆ.

"ಆಮೇಲೆ ಬರ್ತೀನಿ. ತಮ್ಮನಿಗೆ ಊಟ ಮಾಡಿಸ್ಬೇಕು."